ಸೊನ್ನೆ ಎಲ್ಲಿಂದ? ಹಿಟಾಚಿ, ಸ್ಕ್ರೀನ್ ಮತ್ತು 7 ಸೆಂಟಿಮೀಟರ್ ಲೆಕ್ಕ

 

ಈ ವಾರದ ವಿಷಯ ಹಿಟಾಚಿ. ಕಂಪನಿ ಬಗ್ಗೆ ಅಲ್ಲ. ನಮ್ಮ ಕಡೆ ಟೈರ್ ಮೇಲೆ ಓಡಿದ್ರೆ ಅದು ಜೆಸಿಬಿ. ಚೈನ್ ಮೇಲೆ ಓಡಾಡ್ತಾ, ಉದ್ದ ಕೈ ಚಾಚಿ ಮಣ್ಣು ತೆಗೆದ್ರೆ, ಅದರ ಮೇಲೆ ಯಾವ ಹೆಸರು ಬರೆದಿದ್ರೂ ಅದು ಹಿಟಾಚಿ. ಪುಸ್ತಕದ ಭಾಷೇಲಿ ಎಕ್ಸ್‌ಕವೇಟರ್. 2019ರಲ್ಲಿ ‘ಜೆಸಿಬಿ ಕಿ ಖುದಾಯಿ’ ಅಂತ ಮೀಮ್‌ಗಳು ಓಡ್ತಿದ್ವಲ್ಲ, ನೆನಪಿದೆಯಾ? ಅಗೆಯೋದನ್ನ ಜನ ಯಾಕೆ ಹೀಗೆ ನಿಂತು ನೋಡ್ತಾರೆ ಅಂತ ಎಲ್ಲರೂ ನಕ್ಕಿದ್ರು. ನಾನೂ ನಕ್ಕಿದ್ದೆ. ಆದ್ರೆ ಆ ಅಗೆತದಲ್ಲಿ 7 ಸೆಂಟಿಮೀಟರ್ ಹೆಚ್ಚು ಕಮ್ಮಿ ಆದ್ರೆ ಒಂದು ಮನೆಯ ಲೆಕ್ಕ ಏನಾಗುತ್ತೆ ಅಂತ ನೋಡಿದ ಮೇಲೆ ನಗು ಬರ್ತಿಲ್ಲ.

ನಾನು ಓದಿದ್ದು ಬಿ.ಕಾಂ. ಎಂಜಿನಿಯರ್ ಅಲ್ಲ. ನನ್ನ ಚಿಕ್ಕಪ್ಪನ ಹತ್ರ ಒಂದು ಹಿಟಾಚಿ ಇದೆ, ಲೋನ್ ಮೇಲೆ ತಗೊಂಡಿದ್ದು. ಅದರ ಲೆಕ್ಕ ಬರೆಯೋದು ನಾನು. ಡೀಸೆಲ್, ಆಪರೇಟರ್ ಸಂಬಳ, ಬ್ಯಾಂಕ್ ಕಂತು, ಗ್ರೀಸ್, ಬಕೆಟ್ ಹಲ್ಲು, ಎಲ್ಲಾ ನನ್ನ ಎಕ್ಸೆಲ್ ಶೀಟಲ್ಲಿ. ಆ ಮಿಷನ್‌ಗೆ ಸ್ಕ್ರೀನ್ ಹಾಕಿಸಿ ಅಂತ ಚಿಕ್ಕಪ್ಪನಿಗೆ ಗಂಟುಬಿದ್ದು ಒಪ್ಪಿಸಿದವನೂ ನಾನೇ. ಅದಕ್ಕೇ ಈ ಕಥೆ ಹೇಳೋ ಜವಾಬ್ದಾರಿನೂ ನಂದೇ.

ಮೊದಲು ಸ್ಕ್ರೀನ್ ಇಲ್ಲದೆ ಕೆಲಸ ಹೇಗೆ ನಡೆಯುತ್ತೆ ಅಂತ ನೋಡೋಣ.

ಒಂದು ಲೇಔಟ್ ಮಾಡ್ತಿದಾರೆ ಅಂದ್ಕೊಳ್ಳಿ. ರಸ್ತೆ ಜಾಗದಲ್ಲಿ ಇಷ್ಟು ಆಳ ಮಣ್ಣು ತೆಗೀಬೇಕು, ಆಮೇಲೆ ಗ್ರಾವೆಲ್ ತುಂಬಬೇಕು. ಪಕ್ಕದಲ್ಲಿ ಚರಂಡಿ. ಚರಂಡಿಗೆ ಇಳಿಜಾರು ಬೇಕು, 200 ಮೀಟರ್ ಹೋದ್ರೆ 1 ಮೀಟರ್ ಇಳೀಬೇಕು ಅಂತ ಇಟ್ಕೊಳ್ಳಿ. ಅಂದ್ರೆ ಒಂದು ಮೀಟರ್‌ಗೆ ಬರೀ ಅರ್ಧ ಸೆಂಟಿಮೀಟರ್. ಕಣ್ಣಿಗೆ ಕಾಣಲ್ಲ ಅದು. ಆದ್ರೆ ನೀರಿಗೆ ಕಾಣುತ್ತೆ. ಮಳೆಗಾಲದಲ್ಲಿ ಚರಂಡಿ ಮಧ್ಯೆ ನೀರು ನಿಂತು ಸೊಳ್ಳೆ ಆಗೋದು ಇದೇ ಅರ್ಧ ಸೆಂಟಿಮೀಟರ್ ತಪ್ಪಿದಾಗ.

ಇದಕ್ಕೆ ಸರ್ವೆಯವರು ಬಂದು ಗೂಟ ಹೊಡೀತಾರೆ, ದಾರ ಕಟ್ತಾರೆ. ಆಪರೇಟರ್ ಅಗೀತಾನೆ. ಐದು ನಿಮಿಷಕ್ಕೊಂದು ಸಲ ನಿಲ್ಲಿಸ್ತಾನೆ. ಹೆಲ್ಪರ್ ಹುಡುಗ ಗುಂಡಿಗೆ ಇಳಿದು ಅಳತೆಪಟ್ಟಿ ಬರೆದಿರೋ ಉದ್ದ ಕೋಲು, ಅಂದ್ರೆ ಸ್ಟಾಫ್ ಹಿಡೀತಾನೆ. ಇನ್ನೊಬ್ಬರು ದೂರದಲ್ಲಿ ಆಟೋ ಲೆವೆಲ್‌ನಲ್ಲಿ ಕಣ್ಣಿಟ್ಟು ನೋಡಿ ‘ಇನ್ನೂ ನಾಲ್ಕು ತೆಗಿ’ ಅಂತ ಕೂಗ್ತಾರೆ. ಮತ್ತೆ ಅಗೆತ. ಮತ್ತೆ ಇಳಿಯೋದು.

ಆ ಹೆಲ್ಪರ್ ಎಲ್ಲಿ ನಿಂತಿರ್ತಾನೆ ನೋಡಿ. ಒಂದು ಕಡೆ ಗುಂಡಿ ಗೋಡೆ, ಇನ್ನೊಂದು ಕಡೆ ಬಕೆಟ್. ಒಂದು ಕ್ಯೂಬಿಕ್ ಮೀಟರ್ ಮಣ್ಣು ಅಂದ್ರೆ ಸುಮಾರು ಒಂದೂವರೆ ಟನ್ ತೂಕ, ಒಂದು ಕಾರಿಗಿಂತ ಜಾಸ್ತಿ. ಗೋಡೆ ಕುಸಿದ್ರೆ ಓಡೋಕೆ ಟೈಮ್ ಸಿಗಲ್ಲ. ನಮ್ಮ ಮಿಷನ್ ಹತ್ರಾನೇ ಒಂದು ಸಲ ಹುಡುಗ ಸ್ಟಾಫ್ ಹಿಡಿದು ಬಗ್ಗಿದ್ದಾಗ ಬಕೆಟ್ ಅವನ ತಲೆಯಿಂದ ಒಂದು ಗೇಣು ದೂರದಲ್ಲಿ ಹಾದುಹೋಗಿತ್ತು. ಅವತ್ತು ನಮ್ಮ ಆಪರೇಟರ್ ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಅರ್ಧ ಗಂಟೆ ಸುಮ್ನೆ ಕೂತಿದ್ರು. ಅವರನ್ನ ನಾವೆಲ್ಲ ‘ಅಣ್ಣ’ ಅಂತೀವಿ, ಇಲ್ಲೂ ಹಾಗೇ ಕರೀತೀನಿ. ಇಪ್ಪತ್ತು ವರ್ಷದಿಂದ ಲಿವರ್ ಹಿಡಿದಿರೋ ಕೈ ಅದು. ಆ ಕೈ ಅವತ್ತು ನಡುಗ್ತಿತ್ತು.

ಸ್ಕ್ರೀನ್ ಬೇಕು ಅಂತ ನಾನು ಹಠ ಹಿಡಿದಿದ್ದು ಆ ದಿನದ ನಂತರ. ಲಾಭದ ಲೆಕ್ಕ ಆಮೇಲೆ ಬಂತು.

ಸರಿ, ಈ ಮಿಷನ್ ಗೈಡೆನ್ಸ್ ಅಂದ್ರೆ ಏನು? ನಿಮ್ಮ ಫೋನ್ ಅಡ್ಡ ಹಿಡಿದ್ರೆ ವಿಡಿಯೋ ಅಡ್ಡ ತಿರುಗುತ್ತಲ್ಲ? ಫೋನ್ ಒಳಗಿರೋ ಒಂದು ಪುಟ್ಟ ಸೆನ್ಸರ್‌ಗೆ ಭೂಮಿ ಯಾವ ಕಡೆ ಇದೆ, ತಾನು ಎಷ್ಟು ವಾಲಿದೀನಿ ಅಂತ ಗೊತ್ತಾಗುತ್ತೆ. ಅದೇ ಜಾತಿಯ, ಆದ್ರೆ ತುಂಬಾ ಗಟ್ಟಿಯಾದ, ನಿಖರವಾದ ಸೆನ್ಸರ್‌ಗಳನ್ನ ಹಿಟಾಚಿಯ ನಾಲ್ಕು ಕಡೆ ಕೂರಿಸ್ತಾರೆ. ಮಿಷನ್ ಮೈಮೇಲೆ ಒಂದು, ಬೂಮ್ ಅಂದ್ರೆ ದೊಡ್ಡ ತೋಳಿಗೆ ಒಂದು, ಮುಂಗೈಗೆ ಒಂದು, ಬಕೆಟ್‌ಗೆ ಒಂದು. ಪ್ರತಿಯೊಂದೂ ತಾನು ಎಷ್ಟು ಡಿಗ್ರಿ ವಾಲಿದೀನಿ ಅಂತ ಹೇಳುತ್ತೆ. ತೋಳಿನ ಉದ್ದ, ಮುಂಗೈ ಉದ್ದ, ಬಕೆಟ್ ಉದ್ದ ಮೊದಲೇ ಅಳೆದು ಹಾಕಿರ್ತಾರೆ. ಉದ್ದ ಗೊತ್ತು, ಕೋನ ಗೊತ್ತು. ಹೈಸ್ಕೂಲಲ್ಲಿ ನಾವೆಲ್ಲ ಬೈಕೊಂಡು ಕಲಿತ ಸೈನ್, ಕಾಸ್ ಇವೆಯಲ್ಲ, ಅದರಿಂದ ಬಕೆಟ್ ಹಲ್ಲಿನ ತುದಿ ಎಲ್ಲಿದೆ ಅಂತ ಕಂಪ್ಯೂಟರ್ ಪ್ರತಿ ಕ್ಷಣ ಲೆಕ್ಕ ಹಾಕ್ತಿರುತ್ತೆ. ಹಲ್ಲು ಬೇಕಾದ ಮಟ್ಟಕ್ಕೆ ಬಂದ್ರೆ ಕ್ಯಾಬಿನ್ ಸ್ಕ್ರೀನಲ್ಲಿ ಹಸಿರು ಗೆರೆ, ಜೊತೆಗೆ ಬೀಪ್. ಗುಂಡಿ ನೀರಿನೊಳಗಿದ್ರೂ, ಹಲ್ಲು ಕಣ್ಣಿಗೆ ಕಾಣದಿದ್ರೂ ಅದು ಹೇಳುತ್ತೆ.

ಇದಕ್ಕೆ 2ಡಿ ಅಂತಾರೆ. ಇದಕ್ಕೆ ಎತ್ತರ ಗೊತ್ತು, ಇಳಿಜಾರು ಗೊತ್ತು. ಆದ್ರೆ ಸೈಟಲ್ಲಿ ತಾನು ಎಲ್ಲಿ ನಿಂತಿದೀನಿ ಅಂತ ಗೊತ್ತಿಲ್ಲ. ಹಾಗಾಗಿ ಬೆಳಗ್ಗೆ ಒಂದು ಕೆಲಸ ಮಾಡಲೇಬೇಕು. ಎತ್ತರ ಗೊತ್ತಿರೋ ಒಂದು ಕಲ್ಲಿನ ಮೇಲೆ, ಅಂದ್ರೆ ಬೆಂಚ್ ಮಾರ್ಕ್ ಮೇಲೆ, ಬಕೆಟ್ ಹಲ್ಲು ಮುಟ್ಟಿಸಿ ‘ಇದು ಸೊನ್ನೆ’ ಅಂತ ಹೇಳಬೇಕು. ಮಿಷನ್ ಮುಂದೆ ಹೋದಾಗ ಆ ಸೊನ್ನೆ ಕಳೆದುಹೋಗುತ್ತೆ. ಪ್ರತಿ ಸಲ ವಾಪಸ್ ಬಂದು ಕಲ್ಲು ಮುಟ್ಟೋಕಾಗಲ್ಲ. ಅದಕ್ಕೆ ಸೈಟಲ್ಲಿ ಟ್ರೈಪಾಡ್ ಮೇಲೆ ಸುತ್ತ ತಿರುಗೋ ಲೇಸರ್ ಇಡ್ತಾರೆ. ಅದು ಇಡೀ ಸೈಟಿನ ಮೇಲೆ ಕಣ್ಣಿಗೆ ಕಾಣದ ಒಂದು ಸಮತಟ್ಟು ಹಾಳೆ ಹಾಸಿದ ಹಾಗೆ. ಮುಂಗೈ ಮೇಲೆ ಒಂದು ರಿಸೀವರ್ ಇರುತ್ತೆ. ಜಾಗ ಬದಲಾದಾಗ ರಿಸೀವರ್‌ನ ಆ ಲೇಸರ್‌ಗೆ ತಾಗಿಸಿದ್ರೆ ಸೊನ್ನೆ ವಾಪಸ್ ಸಿಗುತ್ತೆ. ರಿಸೀವರ್ ಇರೋದು ಮುಂಗೈ ಮೇಲೆ, ಹಲ್ಲಿನ ಮೇಲಲ್ಲ. ಇದನ್ನ ನೆನಪಿಟ್ಕೊಳ್ಳಿ, ಈಗ ಬೇಕಾಗುತ್ತೆ.

ತುಮಕೂರು ಕಡೆ ಒಂದು ಲೇಔಟ್ ಕೆಲಸ. ಸ್ಕ್ರೀನ್ ಹಾಕಿಸಿ ಹದಿನೈದು ದಿನ ಆಗಿತ್ತು. ಎಲ್ಲಾ ಚೆನ್ನಾಗಿ ನಡೀತಿತ್ತು. ಹೆಲ್ಪರ್ ಹುಡುಗ ಗುಂಡಿಗಿಳಿಯೋದೇ ನಿಂತುಹೋಗಿತ್ತು. ಅವತ್ತು ಬೆಳಗ್ಗೆ 8 ಗಂಟೆಗೆ ಅಣ್ಣ ಕಲ್ಲು ಮುಟ್ಟಿಸಿ ಸೊನ್ನೆ ಇಟ್ರು. ಕೆಲಸ ಶುರು. 9.30ಕ್ಕೆ ಬಸ್ಸಲ್ಲಿ ಪಾರ್ಸೆಲ್ ಬಂತು, ಹೊಸ ಬಕೆಟ್ ಹಲ್ಲುಗಳು. ಹಳೇವು ಸವೆದು ಮೊಂಡಾಗಿದ್ವು. ಹಳೇದು ಕಳಚಿ ಹೊಸದು ಹಾಕಿದ್ರು. ಕೆಲಸ ಮುಂದುವರೀತು.

ಮಧ್ಯಾಹ್ನ ನಾನು ಡೀಸೆಲ್ ಬಿಲ್ ತಗೊಳ್ಳೋಕೆ ಸೈಟಿಗೆ ಹೋಗಿದ್ದೆ. ಅಣ್ಣ ಕ್ಯಾಬಿನ್‌ನಿಂದ ತಲೆ ಹೊರಗೆ ಹಾಕಿ ಅಂದ್ರು, ‘ಯಾಕೋ ಆಳ ಹೋಗ್ತಿದೆ ಅನ್ನಿಸ್ತಿದೆ ಕಣಪ್ಪ. ಒಂದ್ಸಲ ಸ್ಟಾಫ್ ಇಡಿಸಿ ನೋಡ್ಲಾ?’

ನಾನು ಸ್ಕ್ರೀನ್ ನೋಡ್ದೆ. ಹಸಿರು. ‘ಅಣ್ಣ, ಹಸಿರು ಇದೆಯಲ್ಲ. ಸ್ಕ್ರೀನ್ ಸುಳ್ಳು ಹೇಳುತ್ತಾ?’ ಅಂದೆ. ಅವರು ಏನೂ ಹೇಳ್ಲಿಲ್ಲ. ಕೆಲಸ ಮಾಡಿದ್ರು.

ಸಂಜೆ ಸೈಟ್ ಎಂಜಿನಿಯರ್ ಬಂದು ಲೆವೆಲ್ ಇಟ್ಟು ನೋಡಿದ್ರೆ, 7 ಸೆಂಟಿಮೀಟರ್ ಜಾಸ್ತಿ ಆಳ. ಬೆಳಗ್ಗೆ 9.30ರ ನಂತರ ತೆಗೆದ ಕಡೆಯೆಲ್ಲ ಅಷ್ಟೇ.

ಆಗಿದ್ದೇನು ಅಂದ್ರೆ, ಹೊಸ ಹಲ್ಲು ಸವೆದ ಹಲ್ಲಿಗಿಂತ 7 ಸೆಂಟಿಮೀಟರ್ ಉದ್ದ ಇತ್ತು. ಕಂಪ್ಯೂಟರ್‌ಗೆ ಅದನ್ನ ಯಾರೂ ಹೇಳಿರಲಿಲ್ಲ. ಅದು ಹಳೇ ಹಲ್ಲಿನ ತುದಿಯ ಲೆಕ್ಕವನ್ನೇ ಹಾಕ್ತಿತ್ತು. ಪ್ರತಿ ಸಲ ಲೇಸರ್ ಹಿಡಿದಾಗಲೂ ಸರಿಯಾಗೇ ಹಿಡೀತು, ಯಾಕಂದ್ರೆ ರಿಸೀವರ್ ಮುಂಗೈ ಮೇಲಿತ್ತು, ಮುಂಗೈ ಬದಲಾಗಿರಲಿಲ್ಲ. ಸೆನ್ಸರ್ ಸರಿ, ಲೇಸರ್ ಸರಿ, ಗಣಿತ ಸರಿ. ಗುಂಡಿ ಮಾತ್ರ ತಪ್ಪು.

ಈಗ ನನ್ನ ಕೆಲಸಕ್ಕೆ ಬರೋಣ, ದುಡ್ಡಿನ ಲೆಕ್ಕ. ರಸ್ತೆ ಅಗಲ 9 ಮೀಟರ್. ಅವತ್ತು ತೆಗೆದ ಉದ್ದ 150 ಮೀಟರ್. ಅಂದ್ರೆ 1,350 ಚದರ ಮೀಟರ್. ಅದನ್ನ 0.07ರಿಂದ ಗುಣಿಸಿ. 94.5 ಕ್ಯೂಬಿಕ್ ಮೀಟರ್. ನೆಲದಲ್ಲಿ ಗಟ್ಟಿಯಾಗಿದ್ದ ಮಣ್ಣು ಅಗೆದ ಮೇಲೆ ಉಬ್ಬುತ್ತೆ, ಕಾಲು ಭಾಗ ಜಾಸ್ತಿ ಅಂತ ಇಟ್ಕೊಂಡ್ರೆ ಸುಮಾರು 118. ಟಿಪ್ಪರ್‌ಗೆ 12 ಕ್ಯೂಬಿಕ್ ಮೀಟರ್ ಅಂದ್ರೆ 10 ಲೋಡ್. ಇದು ಸುಮ್ನೆ ಹೊರಗೆ ಹೋದ ಮಣ್ಣು. ಕಥೆ ಇಲ್ಲಿಗೆ ಮುಗಿಯಲ್ಲ. ತೆಗೆದ ಮಣ್ಣನ್ನೇ ವಾಪಸ್ ಸುರಿದು ‘ಸರಿ ಹೋಯ್ತು’ ಅನ್ನೋಕಾಗಲ್ಲ, ಅದು ಸಡಿಲ. ಒಳ್ಳೆ ಗ್ರಾವೆಲ್ ತರಿಸಿ, ನೀರು ಹೊಡೆದು, ರೋಲರ್ ಓಡಿಸಿ ತುಂಬಬೇಕು. ಮತ್ತೆ 10 ಲೋಡ್ ಒಳಗೆ. ಕಮ್ಮಿ ಅಗೆದಿದ್ರೆ ಇನ್ನೊಂದು ಸಲ ಕೆರೆದ್ರೆ ಮುಗೀತು. ಜಾಸ್ತಿ ಅಗೆದ್ರೆ ಎರಡು ಸಲ ಖರ್ಚು. ಒಂದು ಲೋಡ್‌ಗೆ ನಿಮ್ಮೂರಲ್ಲಿ ಏನು ರೇಟು ಅಂತ ವಿಚಾರಿಸಿ, ನೀವೇ ಗುಣಿಸ್ಕೊಳ್ಳಿ. ನಮಗೆ ಆ ತಿಂಗಳ ಲಾಭ ಪೂರ್ತಿ ಹೋಯ್ತು, ಕಂತಿಗೆ ಚಿಕ್ಕಮ್ಮನ ಚೀಟಿ ದುಡ್ಡು ತೆಗೀಬೇಕಾಯ್ತು.

ಬಿಲ್ ಕಟ್ ಆದ ದಿನ ಚಿಕ್ಕಪ್ಪ ಸಿಟ್ಟಲ್ಲಿ ಅಂದ್ರು, ‘ಅವನ ಸಂಬಳದಲ್ಲಿ ಐದು ಸಾವಿರ ಹಿಡಿ. ಹಲ್ಲು ಬದಲಾಯಿಸಿದ್ದು ಅವನು ತಾನೇ?’

ನಾನು ಶೀಟ್ ತೆಗೆದೆ. ಅಣ್ಣನ ಹೆಸರಿನ ಮುಂದೆ ಮೈನಸ್ 5,000 ಅಂತ ಟೈಪೂ ಮಾಡ್ದೆ. ಆಮೇಲೆ ಎಂಟರ್ ಒತ್ತೋಕೆ ಆಗ್ಲಿಲ್ಲ. ಇಡೀ ಸೈಟಲ್ಲಿ ‘ಆಳ ಹೋಗ್ತಿದೆ’ ಅಂತ ಹೇಳಿದ ಒಬ್ಬನೇ ಮನುಷ್ಯ ಅವರು. ಬಾಯಿ ಮುಚ್ಚಿಸಿದ್ದು ನಾನು. ಇನ್ನೊಂದು ವಿಷಯ. ಹಲ್ಲು ಬದಲಾದ್ರೆ ಬಕೆಟ್ ಅಳತೆ ಮತ್ತೆ ಹಾಕಬೇಕು ಅಂತ ಆ ಸಿಸ್ಟಮ್ ಜೊತೆ ಬಂದ ಪುಸ್ತಕದಲ್ಲಿತ್ತು. ಇಂಗ್ಲಿಷ್‌ನಲ್ಲಿ. ಕೂರಿಸೋಕೆ ಬಂದವರು ಅರ್ಧ ಗಂಟೆ ತೋರಿಸಿ ಹೋಗಿದ್ರು, ಹಲ್ಲಿನ ವಿಷಯ ಎತ್ತಿರಲಿಲ್ಲ. ಅಣ್ಣ ಕನ್ನಡ ಓದ್ತಾರೆ, ಇಂಗ್ಲಿಷ್ ಓದಲ್ಲ. ಪುಸ್ತಕ ನನ್ನ ಹತ್ರ ಇತ್ತು. ನಾನು ಬೆಲೆ ಇರೋ ಪೇಜ್ ಬಿಟ್ಟು ಬೇರೆ ಏನೂ ಓದಿರಲಿಲ್ಲ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳ್ದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ‘ಹಂಗಾದ್ರೆ ಅದನ್ನ ಅಳಿಸು’ ಅಂದ್ರು. ಅಳಿಸಿದೆ.

ಕಾಮರ್ಸ್ ಓದಿರೋರಿಗೆ ಈ ತಪ್ಪು ಚೆನ್ನಾಗಿ ಗೊತ್ತು. ಓಪನಿಂಗ್ ಬ್ಯಾಲೆನ್ಸ್ ತಪ್ಪು ಹಾಕಿ ನೋಡಿ. ಆಮೇಲೆ ವರ್ಷಪೂರ್ತಿ ಒಂದೊಂದು ಎಂಟ್ರಿನೂ ಸರಿಯಾಗಿ ಮಾಡಿ. ಕೊನೆಗೆ ಉಳಿಕೆ ತಪ್ಪೇ ಬರುತ್ತೆ, ಆದ್ರೆ ಯಾವ ಎಂಟ್ರಿ ನೋಡಿದ್ರೂ ತಪ್ಪು ಸಿಗಲ್ಲ. ಸ್ಕ್ರೀನ್ ಕೂಡ ಹಾಗೇ. ಅದಕ್ಕೆ ನೆಲ ಕಾಣಲ್ಲ. ನಾವು ಕೊಟ್ಟ ಸೊನ್ನೆ ಮಾತ್ರ ಗೊತ್ತು.

‘ಹೌದಪ್ಪ, ಅದು ಹಳೇ 2ಡಿ. ಈಗ ಸ್ಯಾಟಲೈಟ್ ಇರೋ 3ಡಿ ಬಂದಿದೆ, ಅದರಲ್ಲಿ ಇಂಥ ತೊಂದರೆ ಇರಲ್ಲ’ ಅಂತ ನಿಮ್ಮಲ್ಲಿ ಕೆಲವರು ಅಂತಿರ್ತೀರಿ. ನಾನೂ ಹಾಗೇ ಅಂದ್ಕೊಂಡಿದ್ದೆ.

3ಡಿ ನಿಜಕ್ಕೂ ಅದ್ಭುತ. ಮಿಷನ್ ಹಿಂಭಾಗದಲ್ಲಿ ಎರಡು ಆಂಟೆನಾ. ಎರಡು ಯಾಕೆ ಅಂದ್ರೆ ಮಿಷನ್ ಎಲ್ಲಿದೆ ಅನ್ನೋದರ ಜೊತೆಗೆ ಯಾವ ಕಡೆ ಮುಖ ಮಾಡಿದೆ ಅಂತಾನೂ ಗೊತ್ತಾಗಬೇಕು. ರಸ್ತೆಯ ಪೂರ್ತಿ ಡಿಸೈನ್ ಕಂಪ್ಯೂಟರ್‌ಗೆ ಹಾಕಿರ್ತಾರೆ. ಗೂಟ ಬೇಡ, ದಾರ ಬೇಡ. ನಿಮ್ಮ ಫೋನ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಅದಕ್ಕೇ ಡೆಲಿವರಿ ಹುಡುಗ ಪಕ್ಕದ ಬೀದಿಯಿಂದ ಫೋನ್ ಮಾಡ್ತಾನೆ. ಇಲ್ಲಿ ಎತ್ತರದಲ್ಲಿ ಎರಡು ಮೂರು ಸೆಂಟಿಮೀಟರ್ ನಿಖರತೆ ಸಿಗುತ್ತೆ. ಆರ್‌ಟಿಕೆ ಅನ್ನೋ ವಿಧಾನ ಅದು. ಜಾಗ ಮೊದಲೇ ಗೊತ್ತಿರೋ ಒಂದು ಬೇಸ್ ಸ್ಟೇಷನ್ ಇರುತ್ತೆ. ಸ್ಯಾಟಲೈಟ್ ಸಿಗ್ನಲ್‌ನಲ್ಲಿ ಈ ಕ್ಷಣ ಎಷ್ಟು ತಪ್ಪಿದೆ ಅಂತ ಅದು ಲೆಕ್ಕ ಹಾಕಿ ಮಿಷನ್‌ಗೆ ಕಳಿಸುತ್ತೆ. ಸರ್ವೆ ಆಫ್ ಇಂಡಿಯಾ ಇಂಥ ಕಾಯಂ ಸ್ಟೇಷನ್‌ಗಳ ಜಾಲವನ್ನೇ ಕಟ್ಟಿದೆ, ‘ಕಾರ್ಸ್’ ಅಂತಾರೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ನಮ್ಮ ಹಳ್ಳಿಗಳ ಮೇಲೆ ಡ್ರೋನ್ ಹಾರಿಸಿ ಮನೆ ಜಾಗ ಅಳೆದ್ರಲ್ಲ, ಅದರ ಬೆನ್ನಿಗಿರೋದೂ ಇದೇ ಜಾಲ.

ಆದ್ರೆ ಇಲ್ಲೂ ಸೊನ್ನೆ ಪ್ರಶ್ನೆ ಬಿಡಲ್ಲ. ರೈಲ್ವೆ ಸ್ಟೇಷನ್‌ನ ಹಳದಿ ಬೋರ್ಡ್ ನೋಡಿದೀರಾ? ಕೆಳಗೆ ಸಣ್ಣದಾಗಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಅಂತ ಬರೆದಿರುತ್ತೆ. ಅಲ್ಲಿ ಸೊನ್ನೆ ಅಂದ್ರೆ ಸಮುದ್ರ ಮಟ್ಟ. ಸ್ಯಾಟಲೈಟ್‌ಗೆ ಸಮುದ್ರ ಗೊತ್ತಿಲ್ಲ. ಅದು ಭೂಮಿಯನ್ನ ಒಂದು ನುಣುಪಾದ, ಸ್ವಲ್ಪ ಚಪ್ಪಟೆ ಚೆಂಡು ಅಂತ ಅಂದ್ಕೊಂಡು, ಆ ಚೆಂಡಿನ ಮೇಲ್ಮೈಯಿಂದ ಎತ್ತರ ಹೇಳುತ್ತೆ. ಬೆಂಗಳೂರಲ್ಲಿ ಈ ಎರಡು ಲೆಕ್ಕದ ಮಧ್ಯೆ 80 ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದೆ! ಕಾರಣ ನಮ್ಮ ದಕ್ಷಿಣದಲ್ಲೇ ಇದೆ. ಶ್ರೀಲಂಕಾದ ಆಚೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಮ್ಮಿ ಇರೋ ಒಂದು ದೊಡ್ಡ ತಗ್ಗಿದೆ, ಅಲ್ಲಿ ಸಮುದ್ರ ಮಟ್ಟ ಆ ನುಣುಪು ಚೆಂಡಿಗಿಂತ 100 ಮೀಟರ್‌ಗೂ ಹೆಚ್ಚು ಕೆಳಗಿದೆ. ಭೂಮಿಯ ಮೇಲೆ ಇಂಥ ತಗ್ಗುಗಳಲ್ಲಿ ಅದೇ ಅತಿ ಆಳದ್ದು. ಅದಕ್ಕೆ ಭೂಮಿಯೊಳಗೆ ಆಫ್ರಿಕಾ ಕಡೆಯಿಂದ ಬಂದ ಬಿಸಿಯಾದ, ಹಗುರವಾದ ಶಿಲಾದ್ರವ್ಯ ಕಾರಣ ಅಂತ 2023ರಲ್ಲಿ ವಿವರಣೆ ಕೊಟ್ಟ ಅಧ್ಯಯನ ನಮ್ಮ ಬೆಂಗಳೂರಿನ ಐಐಎಸ್‌ಸಿಯದ್ದು. ಆ ತಗ್ಗಿನ ಅಂಚಲ್ಲೇ ನಾವೂ ಕೂತಿದೀವಿ.

ಹಾಗಾಗಿ 3ಡಿ ಸಿಸ್ಟಮ್ ಇದ್ರೂ ಸೈಟಲ್ಲಿ ಎತ್ತರ ಗೊತ್ತಿರೋ ಕಲ್ಲುಗಳ ಮೇಲೆ ಮೊದಲು ಹೊಂದಿಸಬೇಕು. ಬಕೆಟ್ ಹಲ್ಲಿನ ಅಳತೆ ಅಲ್ಲೂ ಹಾಕಬೇಕು. ಸ್ಯಾಟಲೈಟ್ ಮೇಲಿಂದ ಆಂಟೆನಾ ನೋಡುತ್ತೆ, ಹಲ್ಲು ನೋಡಲ್ಲ. ದೊಡ್ಡ ಮರದ ಕೆಳಗೆ, ಫ್ಲೈಓವರ್ ಅಡಿ, ಎತ್ತರದ ಕಟ್ಟಡದ ಪಕ್ಕ ಸಿಗ್ನಲ್ ಕೈಕೊಡುತ್ತೆ ಅನ್ನೋದು ಬೇರೆ ವಿಷಯ.

ಇನ್ನೊಂದು ಹೆಜ್ಜೆ ಮುಂದೆ ಹೋದ ಮಿಷನ್‌ಗಳೂ ಇವೆ. ನಮ್ಮದು ಬರೀ ದಾರಿ ತೋರಿಸುತ್ತೆ, ಕೈ ಆಪರೇಟರ್‌ದು. ಅವು ಕೈಯನ್ನೇ ತಡೆಯುತ್ತವೆ. ಆಪರೇಟರ್ ಲಿವರ್ ಎಳೆದ್ರೂ ಬಕೆಟ್ ಡಿಸೈನ್ ಗೆರೆ ದಾಟಿ ಕೆಳಗೆ ಹೋಗಲ್ಲ. ಜಪಾನ್‌ನಲ್ಲಿ ಅನುಭವಿ ಕೆಲಸಗಾರರಿಗೆ ವಯಸ್ಸಾಗ್ತಿದೆ, ಹೊಸಬರು ಬರ್ತಿಲ್ಲ. ಅಲ್ಲಿನ ಸರ್ಕಾರ 2016ರಲ್ಲಿ ‘ಐ-ಕನ್‌ಸ್ಟ್ರಕ್ಷನ್’ ಅಂತ ಶುರು ಮಾಡಿ ಇಂಥ ಮಿಷನ್‌ಗಳನ್ನ ಸರ್ಕಾರಿ ಕಾಮಗಾರಿಗೆ ತಂದಿತು. ನಮ್ಮ ದೇಶದಲ್ಲೂ ಕೇಂದ್ರ ಹೆದ್ದಾರಿ ಸಚಿವಾಲಯ ಈ ದಾರಿ ಹಿಡಿದಿದೆ. 63 ಕಿಲೋಮೀಟರ್ ಉದ್ದದ ಲಕ್ನೋ–ಕಾನ್ಪುರ ಎಕ್ಸ್‌ಪ್ರೆಸ್‌ವೇನಲ್ಲಿ ಜಿಪಿಎಸ್ ಇರೋ ಗ್ರೇಡರ್, ದಾರ ಕಟ್ಟದೇ ಓಡೋ ಪೇವರ್, ನೆಲ ಎಷ್ಟು ಗಟ್ಟಿಯಾಯ್ತು ಅಂತ ತಾನೇ ಹೇಳೋ ರೋಲರ್ ಪ್ರಾಯೋಗಿಕವಾಗಿ ಬಳಸಿದ್ರು. ದೊಡ್ಡ ಗುತ್ತಿಗೆಗೆ ಬಂದಿದ್ದು ಕೆಲವು ವರ್ಷಕ್ಕೆ ಸಣ್ಣ ಸೈಟಿಗೂ ಬರುತ್ತೆ. ನಮ್ಮ ಚಿಕ್ಕಪ್ಪನಂಥ ಒಂದೇ ಮಿಷನ್ ಇರೋರ ಹತ್ರಾನೂ ಬರುತ್ತೆ.

ಬಂದಾಗ ಅಣ್ಣನಂಥವರ ಗತಿ ಏನು? ಇದನ್ನ ಅವರೇ ಕೇಳಿದ್ರು. ‘ಎಲ್ಲಾ ಇದೇ ಹೇಳೋದಾದ್ರೆ ನನ್ನ ಕೈಗೆ ಏನು ಬೆಲೆ?’ ಅಂತ.

ಆ 7 ಸೆಂಟಿಮೀಟರ್ ದಿನದ ನಂತರ ನನ್ನ ಹತ್ರ ಒಂದು ಉತ್ತರ ಇದೆ. ಹೊಸ ಹುಡುಗ ಆ ಸೀಟಲ್ಲಿ ಕೂತಿದ್ರೆ ಅನುಮಾನಾನೇ ಬರ್ತಿರಲಿಲ್ಲ. ಹಸಿರು ನೋಡಿ ಖುಷಿಯಾಗಿ ಇನ್ನೂ 150 ಮೀಟರ್ ತೆಗೀತಿದ್ದ. ಸ್ಕ್ರೀನ್ ತಪ್ಪಿದೆ ಅಂತ ಗೊತ್ತಾಗೋಕೂ ಇಪ್ಪತ್ತು ವರ್ಷದ ಕೈ ಬೇಕು. ಆ ಕೈ ಮಾತಾಡಿದಾಗ ಕೇಳಿಸ್ಕೊಳ್ಳೋಕೆ ಒಬ್ಬ ಬೇಕು. ಅವತ್ತು ಅವನು ನಾನಾಗಿರಬೇಕಿತ್ತು.

ಈಗ ನಮ್ಮಲ್ಲಿ ಒಂದು ನಿಯಮ ಮಾಡಿದೀವಿ. ನಾನು ಆ ಇಂಗ್ಲಿಷ್ ಪುಸ್ತಕ ಕೂತು ಓದಿ, ಬೇಕಾದ್ದನ್ನ ಒಂದು ಹಾಳೆಗೆ ಕನ್ನಡದಲ್ಲಿ ಬರೆದು, ಲ್ಯಾಮಿನೇಷನ್ ಮಾಡಿಸಿ ಕ್ಯಾಬಿನ್ ಒಳಗೆ ಅಂಟಿಸಿದೀನಿ. ಸೈಟಿನ ಮೂಲೇಲಿ ಯಾವ ಗಾಡಿನೂ ಹತ್ತದ ಕಡೆ ಒಂದು ಕಾಂಕ್ರೀಟ್ ಕಲ್ಲು. ಬೆಳಗ್ಗೆ ಒಂದ್ಸಲ, ಊಟ ಆದ ಮೇಲೆ ಒಂದ್ಸಲ, ಹಲ್ಲು ಬದಲಾದ ತಕ್ಷಣ, ಬಕೆಟ್ ಬಂಡೆಗೆ ಜೋರಾಗಿ ಬಡಿದ್ರೆ, ಲೇಸರ್ ಟ್ರೈಪಾಡ್‌ಗೆ ಯಾರಾದ್ರೂ ತಾಗಿದ್ರೆ, ಹಲ್ಲನ್ನ ಆ ಕಲ್ಲಿಗೆ ಮುಟ್ಟಿಸಬೇಕು. ಸ್ಕ್ರೀನಲ್ಲಿ ಬಂದ ಅಂಕಿನ ನೋಟ್‌ಬುಕ್ಕಲ್ಲಿ ಬರೀಬೇಕು. ಟೈಮ್, ಅಂಕಿ, ಸಹಿ. ಎರಡು ನಿಮಿಷದ ಕೆಲಸ. ಅಂಕಿ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ತಪ್ಪಿದ್ರೆ ಎಂಜಿನ್ ಆಫ್. ‘ಕೆಲಸ ನಿಲ್ಲಿಸು’ ಅನ್ನೋ ಅಧಿಕಾರ ಅಣ್ಣನದ್ದು. ಚಿಕ್ಕಪ್ಪನೂ ತಡೆಯೋ ಹಾಗಿಲ್ಲ, ನಾನಂತೂ ಇಲ್ಲವೇ ಇಲ್ಲ. ಆ ನೋಟ್‌ಬುಕ್ ಇದ್ರೆ ನಾಳೆ ಬಿಲ್ ಕಟ್ ಮಾಡ್ತೀವಿ ಅಂತ ಯಾರಾದ್ರೂ ಬಂದಾಗ ತೋರಿಸೋಕೆ ನಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತೆ.

ಇನ್ನು ಆ ಹೆಲ್ಪರ್ ಹುಡುಗ. ಸ್ಟಾಫ್ ಹಿಡಿಯೋದು ಪೂರ್ತಿ ನಿಂತಿಲ್ಲ, ನಿಲ್ಲಿಸಲೂಬಾರದು. ಆದ್ರೆ ಈಗ ದಿನಕ್ಕೆ ನಾಲ್ಕೈದು ಸಲ ಅಷ್ಟೇ, ಅದೂ ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಆದ ಮೇಲೆ. ಉಳಿದ ಹೊತ್ತು ಅಣ್ಣನ ನೋಟ್‌ಬುಕ್ ಅವನೇ ಬರೀತಾನೆ. ಸ್ಕ್ರೀನ್ ಓದೋದನ್ನೂ ಕಲೀತಿದಾನೆ. ಆ ಏಳು ಸೆಂಟಿಮೀಟರ್ ನಷ್ಟ ಆದ್ಮೇಲೂ ನಾವು ಆ ಸಿಸ್ಟಮ್ ಕಿತ್ತುಹಾಕಿಲ್ಲ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ, ಚಿಕ್ಕಪ್ಪ ಅವನ ಕಡೆ ಕೈ ತೋರಿಸ್ತಾರೆ.

ನಿಮ್ಮ ಕೆಲಸದಲ್ಲೂ ಇಂಥ ಒಂದು ಹಸಿರು ಗೆರೆ ಇರಬಹುದು. ಡ್ಯಾಶ್‌ಬೋರ್ಡ್ ಇರಬಹುದು, ಆಪ್ ಇರಬಹುದು. ಅನುಭವ ಇರೋರು ‘ಯಾಕೋ ಸರಿ ಕಾಣ್ತಿಲ್ಲ’ ಅಂದಾಗ ಏನಾಯ್ತು, ನೀವು ಏನು ಮಾಡಿದ್ರಿ, ಒಂದು ವಾಯ್ಸ್ ನೋಟ್ ಕಳಿಸಿ. ನಿಮ್ಮ ಮನೇಲಿ ಆಪರೇಟರ್ ಯಾರಾದ್ರೂ ಇದ್ರೆ ಈ ಎಪಿಸೋಡ್ ಅವರಿಗೆ ಕೇಳಿಸಿ. ತಪ್ಪು ಹೇಳಿದ್ರೆ ಬೈಯ್ಲಿ, ತಿದ್ಕೋತೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.